ಓದುಗರ ಪ್ರಶ್ನೆ: ಘಾಟಿಗೂ ತೋಟಕ್ಕೂ ಹೈವೇಗೂ ಒಂದೇ ಸೆಟ್ ಟೈರ್

ಮುಂಗಾರು ಹತ್ತಿರವಾಗುತ್ತಿದ್ದಂತೆ ಹಾಸನ, ಚಿಕ್ಕಮಗಳೂರು ಕಡೆಯ ಪತ್ರಗಳಲ್ಲಿ ಟೈರ್‌ನದೇ ಮಾತು. ಎಸ್‌ಯುವಿ ಇರುವ ಮನೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮದು ಕ್ರೆಟಾ. ಟೈರ್ ಸೈಜು 215/60 ಆರ್ 17, 46 ಸಾವಿರ ಕಿ.ಮೀ. ಓಡಿದೆ. ಪೇಟೆಯೊಳಗೆ ದಿನವೂ ಓಡಾಟ, ತಿಂಗಳಿಗೆ ಎರಡು ಸಲ ಬೆಂಗಳೂರು, ವಾರಕ್ಕೊಮ್ಮೆ ಆಲ್ದೂರು ಹತ್ತಿರದ ತೋಟ. ತೋಟಕ್ಕೆ ಕೊನೆಯ 2 ಕಿ.ಮೀ. ಮಣ್ಣುರಸ್ತೆ. ಅಂಗಡಿಯವರು "ಎಟಿ ಟೈರ್ ಹಾಕ್ಸಿಬಿಡಿ, ಎಲ್ಲದಕ್ಕೂ ಆಗುತ್ತೆ" ಅಂತಾರೆ. ಹಾಕಿಸಬಹುದೇ?
– ಓದುಗರು, ಚಿಕ್ಕಮಗಳೂರು

ಬೇಡ. ಯಾಕೆಂದರೆ ಲೆಕ್ಕ ನಿಮ್ಮ ಪತ್ರದಲ್ಲೇ ಇದೆ. ಬೆಂಗಳೂರಿಗೆ ಎರಡು ಸಲ ಹೋಗಿಬಂದರೆ ಸಾವಿರ ಕಿ.ಮೀ. ಹತ್ತಿರ ಆಯಿತು. ಪೇಟೆಯ ಓಡಾಟ ಮುನ್ನೂರು ಎಂದಿಟ್ಟುಕೊಳ್ಳಿ. ತೋಟದ ಮಣ್ಣುರಸ್ತೆ ಹೋಗಿಬರಲು 4 ಕಿ.ಮೀ., ತಿಂಗಳಿಗೆ ನಾಲ್ಕು ಸಲ, ಒಟ್ಟು 16 ಕಿ.ಮೀ. ಹದಿನಾರು ಕಿಲೋಮೀಟರ್‌ಗಾಗಿ ಉಳಿದ ಸಾವಿರದ ಮುನ್ನೂರು ಕಿಲೋಮೀಟರ್‌ನ ಹಿಡಿತ, ಮೈಲೇಜ್, ನೆಮ್ಮದಿ ಮೂರನ್ನೂ ಬಿಟ್ಟುಕೊಡುವುದು ಜಾಣತನವಲ್ಲ.

ಎಸ್‌ಯುವಿ ಟೈರ್‌ಗಳಲ್ಲಿ ಮೂರು ಜಾತಿ. ಎಚ್‌ಟಿ ಎಂದರೆ ಹೈವೇ ಟೆರೇನ್, ಎಟಿ ಎಂದರೆ ಆಲ್ ಟೆರೇನ್, ಎಂಟಿ ಎಂದರೆ ಮಡ್ ಟೆರೇನ್. ಬಟನ್ (ರಸ್ತೆಗೆ ತಾಗುವ ರಬ್ಬರ್ ಉಬ್ಬುಗಳು) ನೋಡಿದರೇ ಗೊತ್ತಾಗುತ್ತದೆ. ಎಚ್‌ಟಿಯಲ್ಲಿ ಸುತ್ತಲೂ ಉದ್ದಕ್ಕೆ ಹರಿಯುವ ಮೂರು ನಾಲ್ಕು ಅಗಲ ಕಾಲುವೆಗಳಿದ್ದು, ಬಟನ್ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಕಾಲುವೆಗಳು ರಸ್ತೆ ಮೇಲಿನ ನೀರನ್ನು ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತವೆ. ಉಳಿದ ತೆಳು ನೀರಿನ ಪದರವನ್ನು ಸೀಳುಗಳ ಅಂಚು ಒರೆಸುತ್ತದೆ. ಎಟಿಯಲ್ಲಿ ಬಟನ್‌ಗಳು ದಪ್ಪ, ನಡುವಿನ ಸಂದು ಅಗಲ. ಹಾಗಾಗಿ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಕಲ್ಲಿಗೆ ಸಿಕ್ಕಿ ಚೂರಾಗದಿರಲೆಂದು ರಬ್ಬರನ್ನೂ ಗಡಸಾಗಿಯೇ ಮಾಡುತ್ತಾರೆ. ಎತ್ತರದ ಬಟನ್ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಒಳಗೊಳಗೇ ಅಲುಗುತ್ತದೆ. ಇವೆಲ್ಲ ಸೇರಿ ಒದ್ದೆ ಟಾರ್ ರಸ್ತೆಯಲ್ಲಿ ಎಟಿ ಟೈರ್, ಒಳ್ಳೆಯ ಎಚ್‌ಟಿಗಿಂತ ಸ್ವಲ್ಪ ಮುಂದೆ ಹೋಗಿಯೇ ನಿಲ್ಲುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ರಸ್ತೆ ಒಣಗದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಟೈರ್‌ನ ತೂಕ ಹೆಚ್ಚು, ಹೈವೇಯಲ್ಲಿ ಗುಂಯ್‌ಗುಡುವ ಸದ್ದೂ ಇರುತ್ತದೆ.

ಹಾಗಾದರೆ ಕೆಸರಿನಲ್ಲಾದರೂ ಎಟಿ ಕಾಪಾಡುತ್ತದೆಯೇ? ಮಲೆನಾಡಿನ ಅಂಟು ಮಣ್ಣು ಉದುರಿದ ಎಲೆಯ ಜೊತೆ ಸೇರಿ ಬಟನ್ ಸಂದಿನಲ್ಲಿ ತುಂಬಿಕೊಂಡರೆ ಹತ್ತು ಸುತ್ತಿನಲ್ಲಿ ಎಟಿಯೂ ಬೋಳು ಟೈರೇ. ಆ ಮಣ್ಣನ್ನು ಉದುರಿಸಿಕೊಳ್ಳುವಷ್ಟು ಅಗಲ ಸಂದು ಇರುವುದು ಎಂಟಿಗೆ ಮಾತ್ರ. ಅದು ಫೋರ್‌ವೀಲ್ ಜೀಪಿಗೆ ಸರಿ, ಬೆಂಗಳೂರಿಗೆ ಹೋಗುವ ಗಾಡಿಗಲ್ಲ. ಇನ್ನೊಂದು ಮಾತು: ನಿಮ್ಮ ಗಾಡಿಯ ಎಳೆತ ಮುಂದಿನ ಚಕ್ರದ್ದು. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತದೆ. ಟೈರ್ ಬದಲಿಸಿದರೆ ಈ ಕೊರತೆ ಪೂರ್ತಿ ತುಂಬುವುದಿಲ್ಲ. ಆ 2 ಕಿ.ಮೀ.ನಲ್ಲಿ ಜಾರುವ ಏರು ಒಂದೋ ಎರಡೋ ಇರಬಹುದು, ಅಲ್ಲಿ ಚಕ್ರ ಹಾಯುವ ಎರಡು ಗೆರೆಗೆ ಜಲ್ಲಿ ಹಾಕಿಸಿ, ಪಕ್ಕದಲ್ಲಿ ಚರಂಡಿ ತೆಗೆಸಿ. ಎಲ್ಲ ಗಾಡಿಗೂ ಉಪಕಾರ.

ಎಟಿ ಟೈರ್‌ಗೆ ನಿಜವಾದ ಬಲ ಇರುವುದು ಕೆಸರಿನಲ್ಲಲ್ಲ, ಕಲ್ಲಿನಲ್ಲಿ. ಅದರ ಪಕ್ಕೆ ಗಟ್ಟಿ, ಚೂಪುಗಲ್ಲಿಗೆ ಬೇಗ ಸೀಳುವುದಿಲ್ಲ. ದಿನವೂ ಹತ್ತಾರು ಕಿ.ಮೀ. ಜಲ್ಲಿರಸ್ತೆಯಲ್ಲೇ ಓಡುವ ಥಾರ್, ಸ್ಕಾರ್ಪಿಯೊದಂಥ ಗಾಡಿಯಾಗಿದ್ದರೆ ನಮ್ಮ ಉತ್ತರ ಬೇರೆಯೇ ಇರುತ್ತಿತ್ತು.

ಕೊಳ್ಳುವಾಗ ಒಂದು ಎಚ್ಚರ. ಒಂದೇ ಹೆಸರಿನಡಿ ಎರಡೂ ಜಾತಿ ಮಾರುತ್ತಾರೆ. ಅಪೊಲೊ ಆಪ್ಟೆರಾದಲ್ಲೂ ಯೊಕೊಹಾಮಾ ಜಿಯೊಲ್ಯಾಂಡರ್‌ನಲ್ಲೂ ಎಚ್‌ಟಿ ಇದೆ, ಎಟಿ ಇದೆ. "ಆಪ್ಟೆರಾ ಕೊಡಿ" ಎಂದಷ್ಟೇ ಹೇಳಿದರೆ ಅಂಗಡಿಯಲ್ಲಿ ಯಾವುದು ಮಿಕ್ಕಿದೆಯೋ ಅದು ಬರುತ್ತದೆ. ಹೆಸರಿನ ಮುಂದಿನ ಎರಡಕ್ಷರ ಕೇಳಿ, ಬಿಲ್ಲಿನಲ್ಲಿ ಬರೆಸಿ.

ಇನ್ನು 46 ಸಾವಿರ ಕಿ.ಮೀ. ಆಯಿತೆಂದೇ ಬದಲಿಸಬೇಕಾಗಿಲ್ಲ, ಅಳೆಯಿರಿ. ಹೊಸ ಎಚ್‌ಟಿ ಟೈರ್‌ನ ಕಾಲುವೆ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಆಳ ಇರುತ್ತದೆ. ಕಾನೂನಿನ ಪ್ರಕಾರ ಕಾರಿಗೆ ಕನಿಷ್ಠ 1.6 ಮಿ.ಮೀ. ಕಾಲುವೆಯ ತಳದಲ್ಲಿ ಅಡ್ಡಕ್ಕೆ ಕಾಣುವ ಸಣ್ಣ ದಿಬ್ಬಗಳ ಎತ್ತರವೂ ಅಷ್ಟೇ. ಬಟನ್ ಅದರ ಮಟ್ಟಕ್ಕೆ ಸವೆದರೆ ಟೈರ್ ಮುಗಿಯಿತು. ಆದರೆ ಮಳೆನೀರು ಕಾನೂನು ನೋಡುವುದಿಲ್ಲ. 3 ಮಿ.ಮೀ.ಗಿಂತ ಕೆಳಗಿಳಿದ ಟೈರ್ ನೀರು ತಳ್ಳುವುದರಲ್ಲಿ ಸೋಲುತ್ತದೆ. ಮೇ ಕೊನೆಯಲ್ಲಿ ಅಳೆದಾಗ 3 ಮಿ.ಮೀ. ಇದ್ದರೆ ಜೂನ್‌ಗೆ ಮುಂಚೆಯೇ ಬದಲಿಸಿ. 4 ಮಿ.ಮೀ. ಮೇಲಿದ್ದರೆ ಈ ಮಳೆಗಾಲ ಕಳೆಯಬಹುದು.

ಅದೇ ಗಾಡಿ, ಅದೇ 215/60 ಆರ್ 17. ಗುಂಡಿಗೆ ಒಳ್ಳೆಯದೆಂದು 215/65 ಹಾಕಿಸಬೇಕೆಂದಿದ್ದೇನೆ. ರಿಮ್ ಬದಲಿಸಬೇಕಿಲ್ಲವಂತೆ. ತೊಂದರೆ ಇದೆಯೇ?
– ಓದುಗರು, ಸಕಲೇಶಪುರ

215 ಎನ್ನುವುದು ಮಿಲಿಮೀಟರ್‌ನಲ್ಲಿ ಅಗಲ. 60 ಎಂದರೆ ಆ ಅಗಲದ ಶೇಕಡಾ 60ರಷ್ಟು ಪಕ್ಕೆಯ ಎತ್ತರ, ಅಂದರೆ 129 ಮಿ.ಮೀ. 17 ಇಂಚಿನ ರಿಮ್ ಸೇರಿಸಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 690 ಮಿ.ಮೀ. 215/65 ಹಾಕಿದರೆ 711 ಆಗುತ್ತದೆ, ಶೇಕಡಾ 3ಕ್ಕಿಂತ ಸ್ವಲ್ಪ ಹೆಚ್ಚು. ಗಾಡಿ ನೆಲದಿಂದ ಏಳುವುದು ಇದರ ಅರ್ಧ ಮಾತ್ರ, ಸುಮಾರು 11 ಮಿ.ಮೀ. ಅದಕ್ಕೆ ತೆರುವ ಬೆಲೆ ನೋಡಿ. ಚಕ್ರ ದೊಡ್ಡದಾದರೆ ಗೇರ್ ಉದ್ದವಾದ ಹಾಗೆ, ಶಿರಾಡಿ ಏರಿನಲ್ಲಿ ಗಾಡಿ ತಿಣುಕುತ್ತದೆ. ಸ್ಪೀಡೋಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಪೂರ್ತಿ ಜನ, ಸಾಮಾನು ತುಂಬಿದಾಗ, ಸ್ಟೇರಿಂಗ್ ಕೊನೆಯವರೆಗೆ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜಬಹುದು. ವಾರಂಟಿ ಇರುವ ಗಾಡಿಯಾದರೆ ಕಂಪನಿ ಕೈಯೆತ್ತಲು ಒಂದು ನೆಪವೂ ಸಿಕ್ಕಿತು.

ವ್ಯಾಸದ ವ್ಯತ್ಯಾಸ ಶೇಕಡಾ 2 ದಾಟಬಾರದೆಂಬುದು ನಮ್ಮ ಗೆರೆ. 225/60 ಹಾಕಿದರೆ 702 ಮಿ.ಮೀ., ಶೇಕಡಾ 1.7ರಷ್ಟು ಹೆಚ್ಚು. ರಿಮ್‌ನ ಅಗಲ ಒಪ್ಪಿದರೆ ಅಲ್ಲಿಗೆ ನಿಲ್ಲಬಹುದು. ಅದನ್ನೂ ಮಾಡದೆ ಕಂಪನಿಯ ಸೈಜಿನಲ್ಲೇ ಇರುವವರು ಏನನ್ನೂ ಕಳೆದುಕೊಳ್ಳುವುದಿಲ್ಲ. 17 ಇಂಚಿನಿಂದ 18ಕ್ಕೆ ಹೋಗುವ ಹುಚ್ಚು ಮಾತ್ರ ನಮ್ಮ ರಸ್ತೆಗೆ ಬೇಡವೇ ಬೇಡ. ಪಕ್ಕೆ ತೆಳುವಾದಷ್ಟೂ ಗುಂಡಿಯ ಪೆಟ್ಟು ನೇರ ರಿಮ್‌ಗೆ.

ಸೈಜಿನ ಮುಂದಿರುವ 96 ಎಚ್ ಎಂಬಂಥ ಗುರುತನ್ನು ಯಾರೂ ಓದುವುದಿಲ್ಲ. 96 ಎಂದರೆ ಒಂದು ಟೈರ್ 710 ಕೆ.ಜಿ. ಹೊರಬಲ್ಲದು. 91 ಆದರೆ 615, 100 ಆದರೆ 800. ಎಚ್ ಎಂದರೆ ಗಂಟೆಗೆ 210 ಕಿ.ಮೀ. ತನಕ ತಾಳಿಕೆ, ವಿ ಎಂದರೆ 240. ಆ ವೇಗದಲ್ಲಿ ಯಾರೂ ಓಡಿಸುವುದಿಲ್ಲ ನಿಜ, ಆದರೆ ಅದು ಬಿಸಿ ತಾಳುವ ಶಕ್ತಿಯ ಅಳತೆಯೂ ಹೌದು. ಹಳೆಯ ಟೈರ್‌ನಲ್ಲಿ ಇರುವುದಕ್ಕಿಂತ ಮೇಲಿನದು ಹಾಕಿಸಬಹುದು, ಕೆಳಗಿನದು ಬೇಡ.

ಹಿಂದಿನ ಎರಡು ಟೈರ್ ಚೆನ್ನಾಗಿವೆ, ಮುಂದಿನವು ಸವೆದಿವೆ. ಎರಡೇ ಹೊಸದು ತಂದು ಮುಂದೆ ಹಾಕಿದರೆ ಸಾಲದೇ? ಚಾರ್ಮಾಡಿಯಲ್ಲಿ ವಾರಕ್ಕೆರಡು ಸಲ ಇಳಿಯುವವರು ನಾವು.
– ಓದುಗರು, ಬಣಕಲ್

ಎರಡೇ ಸಾಕು. ಆದರೆ ಹೊಸದು ಹಿಂದಕ್ಕೆ ಹಾಕಿಸಿ, ಹಿಂದಿನ ಅರ್ಧ ಸವೆದದ್ದನ್ನು ಮುಂದಕ್ಕೆ ತನ್ನಿ. ಎಳೆಯುವ ಚಕ್ರ ಮುಂದಿನದಾದರೂ ಇದೇ ನಿಯಮ. ಅಂಗಡಿಯಲ್ಲಿ ವಾದ ಮಾಡುತ್ತಾರೆ, ಮಾಡಲಿ.

ಕಾರಣ ಇಷ್ಟೇ. ನೀರು ನಿಂತ ತಿರುವಿನಲ್ಲಿ ಮುಂದಿನ ಟೈರ್ ಹಿಡಿತ ಬಿಟ್ಟರೆ ಗಾಡಿ ನೇರಕ್ಕೆ ಹೋಗಲು ನೋಡುತ್ತದೆ. ಸ್ಟೇರಿಂಗ್ ಹಗುರಾಗುವುದು ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಹಿಡಿತ ಮರಳುತ್ತದೆ. ಹಿಂದಿನದು ಹಿಡಿತ ಬಿಟ್ಟರೆ ಗಾಡಿಯ ಬಾಲ ಹೊರಕ್ಕೆ ಬೀಸುತ್ತದೆ. ಆಗ ಭಯದಿಂದ ಬ್ರೇಕ್ ಒತ್ತಿದರೆ ಇನ್ನೂ ಬೀಸುತ್ತದೆ. ಸಾಮಾನ್ಯ ಚಾಲಕರಿಗೆ ಅದನ್ನು ಸರಿಪಡಿಸುವಷ್ಟು ಸಮಯವೂ ಸಿಗದು, ಚಾರ್ಮಾಡಿಯಲ್ಲಿ ಅಷ್ಟು ಜಾಗವೂ ಇಲ್ಲ. ಘಾಟಿ ಇಳಿಯುವಾಗ ಭಾರ ಮುಂದಕ್ಕೆ ಬಂದು ಹಿಂದಿನ ಚಕ್ರ ಮೊದಲೇ ಹಗುರಾಗಿರುತ್ತದೆ ಎನ್ನುವುದನ್ನೂ ಮರೆಯಬೇಡಿ.

ಒಂದೇ ಟೈರ್ ಬದಲಿಸುವುದು ಬೇಡ. ಒಂದು ಆಕ್ಸಲ್‌ನ ಎರಡೂ ಟೈರ್ ಒಂದೇ ಕಂಪನಿ, ಒಂದೇ ಬಟನ್, ಹತ್ತಿರ ಹತ್ತಿರ ಒಂದೇ ಸವೆತ ಇರಲಿ. ನಾಲ್ಕೂ ಚಕ್ರಕ್ಕೆ ಸದಾ ಎಳೆತ ಇರುವ ಆಲ್‌ವೀಲ್‌ಡ್ರೈವ್ ಗಾಡಿಯಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಕ್ಷೇಮ. ಮುಂದೆ ಹಿಂದೆ ಸುತ್ತಳತೆ ಬೇರೆಯಾದರೆ ಎಳೆತ ಹಂಚುವ ನಡುವಿನ ಕಪ್ಲಿಂಗ್ ಬಿಡುವಿಲ್ಲದೆ ಜಾರಿ ಬಿಸಿಯಾಗುತ್ತದೆ. ಅದರ ರಿಪೇರಿ ಖರ್ಚಿನ ಮುಂದೆ ಎರಡು ಟೈರ್‌ನ ಉಳಿತಾಯ ಯಾವ ಲೆಕ್ಕ.

ಗಾಡಿ 8 ವರ್ಷದ್ದು, ಓಡಿದ್ದು 22 ಸಾವಿರ ಮಾತ್ರ. ಬಟನ್ ಹೊಸದರ ಹಾಗೇ ಇದೆ. ಮಗ ಬದಲಿಸೋಣ ಅಂತಾನೆ. ಬೇಕೇ?
– ಓದುಗರು, ಬೇಲೂರು

ಮಗನ ಮಾತು ಕೇಳಿ. ರಬ್ಬರ್ ಓಡಿದ್ದಕ್ಕೆ ಸವೆಯುತ್ತದೆ, ನಿಂತದ್ದಕ್ಕೆ ಮುದಿಯಾಗುತ್ತದೆ. ಬಿಸಿಲು, ಆಮ್ಲಜನಕ, ಓಝೋನ್ ಸೇರಿ ರಬ್ಬರ್ ಗಡಸಾಗುತ್ತದೆ. ಅದನ್ನು ಮೆದುವಾಗಿಡುವ ಎಣ್ಣೆ, ಮೇಣದ ಅಂಶ ಟೈರ್ ತಿರುಗುತ್ತಿದ್ದರೆ ಮೇಲಕ್ಕೆ ಬರುತ್ತಿರುತ್ತದೆ, ಶೆಡ್ಡಿನಲ್ಲಿ ನಿಂತ ಗಾಡಿಗೆ ಅದೂ ಇಲ್ಲ. ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಗ್ಗಿಸಿ ನೋಡಿ. ಕಾಲುವೆಯ ತಳದಲ್ಲೂ ಪಕ್ಕೆಯಲ್ಲೂ ಕೂದಲೆಳೆಯಂಥ ಬಿರುಕು ಕಂಡರೆ ಪ್ರಶ್ನೆಯೇ ಇಲ್ಲ. ಕಾಣದಿದ್ದರೂ ಗಡಸಾದ ರಬ್ಬರ್ ಒದ್ದೆಯಲ್ಲಿ ಜಾರುತ್ತದೆ. 5 ವರ್ಷದ ನಂತರ ವರ್ಷಕ್ಕೊಮ್ಮೆ ತೋರಿಸಿ. ಟೈರ್ ಕಂಪನಿಗಳು 10 ವರ್ಷ ದಾಟಿಸಬೇಡಿ ಎನ್ನುತ್ತವೆ. ಮಳೆ ನಾಡಿಗೆ 7 ಸಾಕು ಎಂಬುದು ನಮ್ಮ ಅಭಿಪ್ರಾಯ.

ಇದು ಸ್ಟೆಪ್ನಿಗೂ ಅನ್ವಯ. ಎಂಟು ವರ್ಷ ಡಿಕ್ಕಿಯಲ್ಲಿ ಮಲಗಿದ ಸ್ಟೆಪ್ನಿಯನ್ನು "ಒಮ್ಮೆಯೂ ಬಳಸಿಲ್ಲ" ಎಂದು ಮುಂದಿನ ಚಕ್ರಕ್ಕೆ ಹಾಕುವವರಿದ್ದಾರೆ. ಬಳಸದಿದ್ದರೂ ವಯಸ್ಸು ಎಂಟೇ. ಇನ್ನು, ಬಿಡಿ ಟೈರ್‌ಗಳನ್ನು ಪಂಪ್‌ಸೆಟ್ ಮೋಟಾರ್, ಜನರೇಟರ್ ಇರುವ ಕೋಣೆಯಲ್ಲಿ ಇಡಬೇಡಿ. ಮೋಟಾರ್‌ನ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಸೀಳಿಸುತ್ತದೆ.

ಹೋದ ಸೆಟ್ 18 ಸಾವಿರಕ್ಕೇ ಮುಗಿಯಿತು. ಒಳಗಿನ ಅಂಚು ಬೋಳು, ಹೊರಗೆ ಬಟನ್ ಹಾಗೇ ಇದೆ. ಕಂಪನಿ ಬದಲಿಸಲೇ?
– ಓದುಗರು, ಹಾಸನ

ಕಂಪನಿಯ ತಪ್ಪಲ್ಲ. ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಸರಿಮಾಡದೆ ಎಷ್ಟು ದುಬಾರಿ ಟೈರ್ ಹಾಕಿದರೂ ಮತ್ತೆ 18 ಸಾವಿರಕ್ಕೇ ಮುಗಿಯುತ್ತದೆ.

ಸವೆತ ತಾನೇ ಕಾರಣ ಹೇಳುತ್ತದೆ. ಎರಡೂ ಅಂಚು ಸವೆದು ನಡು ಉಳಿದರೆ ಗಾಳಿ ಕಡಿಮೆ. ನಡು ಸವೆದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು) ಅಥವಾ ಟೋ ತಪ್ಪಿದೆ. ಅಂಗೈ ಆಡಿಸಿದಾಗ ಒಂದು ಕಡೆಗೆ ನಯ, ವಾಪಸು ಬರುವಾಗ ಗರಗಸದಂತೆ ತಾಗಿದರೆ ಖಂಡಿತ ಟೋ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ ಅಥವಾ ಬ್ಯಾಲೆನ್ಸಿಂಗ್ ಇಲ್ಲ.

ಟೋ ಎಂದರೆ ಎರಡು ಮುಂದಿನ ಚಕ್ರ ಒಂದಕ್ಕೊಂದು ಸಮಾನಾಂತರ ಇಲ್ಲದೆ ಪಾದದ ಹಾಗೆ ಒಳಕ್ಕೋ ಹೊರಕ್ಕೋ ತಿರುಗಿರುವುದು. 690 ಮಿ.ಮೀ. ವ್ಯಾಸದ ಚಕ್ರ ಬರೀ 2 ಮಿ.ಮೀ. ಓರೆಯಾದರೂ ಒಂದು ಕಿ.ಮೀ. ಓಡುವಷ್ಟರಲ್ಲಿ ಸುಮಾರು 3 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದಂತೆ. ಸಾವಿರ ಕಿ.ಮೀ.ಗೆ 3 ಕಿ.ಮೀ. ಉಜ್ಜಾಟ! ಒಂದು ಒಳ್ಳೆಯ ಗುಂಡಿ ಸಾಕು, ಟೈರಾಡ್ (ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಸಲಾಕೆ) ಬಾಗಿ ಇಷ್ಟಾಗಲು.

ಹೊಸ ಟೈರ್ ಹಾಕಿಸುವ ಮುಂಚೆ ಗಾಡಿಯನ್ನು ಜಾಕಿ ಮೇಲೆ ಎತ್ತಿಸಿ, ಚಕ್ರವನ್ನು ಮೇಲೆ ಕೆಳಗೆ ಮತ್ತು ಎಡ ಬಲ ಹಿಡಿದು ಅಲುಗಿಸಿ ನೋಡಲು ಹೇಳಿ. ಬಾಲ್ ಜಾಯಿಂಟ್, ಟೈರಾಡ್ ಎಂಡ್, ಲೋವರ್ ಆರ್ಮ್ ಬುಶ್‌ನಲ್ಲಿ ಆಟ (ಸಡಿಲ) ಇದ್ದರೆ ಮೊದಲು ಅದನ್ನು ಬದಲಿಸಬೇಕು. ಆಟ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿದರೆ ಕಂಪ್ಯೂಟರ್ ಪರದೆ ಹಸಿರು ತೋರಿಸಿದರೂ ಅಂಗಡಿ ದಾಟುವಷ್ಟರಲ್ಲಿ ಮೊದಲಿನಂತೇ. ಮುಂಚಿನ ಮತ್ತು ನಂತರದ ಅಳತೆ ಎರಡನ್ನೂ ಪ್ರಿಂಟ್ ತೆಗೆಸಿಕೊಳ್ಳಿ. ಆಮೇಲೆ 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಟೈರ್ ಸ್ಥಳ ಬದಲಿಸಿ. ಮುಂದಿನ ಎಳೆತದ ಗಾಡಿಗೆ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ಹಾಯ್ದು ಮುಂದಕ್ಕೆ. ಬಾಣದ ಗುರುತಿರುವ ಟೈರ್ ಆದರೆ ಅದೇ ಪಕ್ಕದಲ್ಲಿ ಮುಂದೆ ಹಿಂದೆ ಮಾತ್ರ.

ನೈಟ್ರೋಜನ್ ತುಂಬಿಸಬೇಕೇ? ಗಾಳಿ ಎಷ್ಟಿರಬೇಕು?
– ಓದುಗರು, ಅರಸೀಕೆರೆ

ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಪುಕ್ಕಟೆ ಸಿಕ್ಕರೆ ತುಂಬಿಸಿ, ಅದಕ್ಕಾಗಿ ಊರು ಸುತ್ತಬೇಡಿ. ಎಷ್ಟು ಎನ್ನುವುದು ಚಾಲಕನ ಬಾಗಿಲು ತೆರೆದಾಗ ಕಾಣುವ ಸ್ಟಿಕ್ಕರ್ ಮೇಲಿದೆ. ಟೈರ್ ಪಕ್ಕೆಯ ಮೇಲೆ ಇರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬಾರದು. ಬೆಳಿಗ್ಗೆ, ಗಾಡಿ ಓಡುವ ಮುಂಚೆ ಅಳೆಯಿರಿ. ಟೈರ್ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಗಾಳಿಯ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬಿಸಿಲಲ್ಲಿ ಓಡಿಬಂದ ಟೈರ್‌ನಿಂದ "ಜಾಸ್ತಿಯಾಗಿದೆ" ಎಂದು ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ.

ಕಡಿಮೆ ಗಾಳಿ ಮಳೆಯಲ್ಲಿ ಇನ್ನೂ ಕೆಟ್ಟದ್ದು. ನೀರಿನ ಮೇಲೆ ಟೈರ್ ತೇಲುವ ವೇಗಕ್ಕೆ ವಿಮಾನದ ಟೈರ್‌ಗಳ ಮೇಲೆ ನಾಸಾ ಕಟ್ಟಿದ ಒಂದು ಸೂತ್ರವಿದೆ. ಅದರಂತೆ 33 ಪಿಎಸ್‌ಐ ಇದ್ದಾಗ ಸುಮಾರು 95 ಕಿ.ಮೀ. ವೇಗಕ್ಕೆ ತೇಲುವ ಬೋಳು ಟೈರ್, 25 ಪಿಎಸ್‌ಐಗೆ ಇಳಿದರೆ 83ಕ್ಕೇ ತೇಲುತ್ತದೆ. ಕಾರಿನ ಟೈರ್‌ಗೆ ಅಂಕಿ ಹಾಗೇ ಹೊಂದದಿದ್ದರೂ ದಿಕ್ಕು ಇದೇ.

ಗುಂಡಿಗೆ ಬಿದ್ದು ಟೈರ್ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಪಂಕ್ಚರ್ ಅಂಗಡಿಯವರು ಪ್ಯಾಚ್ ಹಾಕ್ತೀನಿ ಅಂತಾರೆ. ಇನ್ಶೂರೆನ್ಸ್ ಸಿಗುತ್ತದೆಯೇ?
– ಓದುಗರು, ಕೊಪ್ಪ

ಪ್ಯಾಚ್ ಬೇಡ, ಇವತ್ತೇ ಸ್ಟೆಪ್ನಿ ಹಾಕಿ. ಒಳಗಿನ ದಾರದ ಪದರ ಕಡಿದು ಬರೀ ರಬ್ಬರ್ ಗಾಳಿಯನ್ನು ಹಿಡಿದಿದೆ ಎನ್ನುವುದಕ್ಕೆ ಉಬ್ಬು ಸಾಕ್ಷಿ. ಬಿಸಿಯಾದಾಗ ಸಿಡಿಯುತ್ತದೆ. ರಿಪೇರಿ ಮಾಡಬಹುದಾದದ್ದು ಬಟನ್ ಭಾಗದಲ್ಲಿ 6 ಮಿ.ಮೀ. ತನಕದ ತೂತು ಮಾತ್ರ. ಸಾಮಾನ್ಯ ಪಾಲಿಸಿಯಲ್ಲಿ ಟೈರ್ ಒಂದಕ್ಕೇ ಆದ ಹಾನಿಗೆ ಹಣ ಬರುವುದಿಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಟೈರ್ ಬೆಲೆಯ ಅರ್ಧ ಸಿಗುತ್ತದೆ. ಟೈರ್‌ಗೆಂದೇ ಬೇರೆ ಆಡ್‌ಆನ್ ತೆಗೆದುಕೊಂಡಿದ್ದರೆ ಅದರ ಷರತ್ತು ಓದಿ.

ಸ್ಟೆಪ್ನಿಯ ಸೈಜೂ ನೋಡಿಕೊಳ್ಳಿ. 17 ಇಂಚಿನ ಗಾಡಿಗೆ 16 ಇಂಚಿನ 205/65 ಸ್ಟೆಪ್ನಿ ಕೊಡುವುದುಂಟು. ವ್ಯಾಸ 673 ಮಿ.ಮೀ., ಉಳಿದವಕ್ಕಿಂತ 17 ಮಿ.ಮೀ. ಕಡಿಮೆ. ರಿಮ್ ಮೇಲೆ ಬರೆದಿರುವ ವೇಗ ಮಿತಿಯೊಳಗೆ ಟೈರ್ ಅಂಗಡಿ ತನಕ ಹೋಗಲು ಅದು, ವಾರಗಟ್ಟಲೆ ಓಡಿಸಲು ಅಲ್ಲ.

ಅಂಗಡಿಯಲ್ಲಿ ನಿಂತು ಏನೇನು ನೋಡಿಕೊಳ್ಳಬೇಕು?
– ಓದುಗರು, ಚನ್ನರಾಯಪಟ್ಟಣ

ಮೊದಲು ತಾರೀಕು. ಪಕ್ಕೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಎಂದಿದ್ದರೆ 2025ರ 23ನೇ ವಾರ. ಎಷ್ಟೋ ಟೈರ್‌ಗಳಲ್ಲಿ ಇದು ಒಂದೇ ಪಕ್ಕದಲ್ಲಿರುತ್ತದೆ, ರಿಮ್‌ಗೆ ಹಾಕಿದ ಮೇಲೆ ಒಳಗೆ ಹೋದರೆ ಕಾಣದು. ಹಾಗಾಗಿ ಹಾಕುವ ಮುಂಚೆಯೇ ನಾಲ್ಕನ್ನೂ ಓದಿ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ವರ್ಷ ದಾಟಿದ್ದರೆ ಬೇರೆ ಕೇಳಿ ಅಥವಾ ಬೆಲೆ ಇಳಿಸಿ. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ.

ಬೆಲೆ ಕೇಳುವಾಗ ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್, ಅಲೈನ್‌ಮೆಂಟ್ ಎಲ್ಲ ಸೇರಿಸಿ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ತೋರಿಸಿದರೆ ನೆನಪಿಸಿ. ಬಿಲ್ಲಿನಲ್ಲಿ ನಾಲ್ಕೂ ಟೈರ್‌ನ ಸೀರಿಯಲ್ ನಂಬರ್ ಬರೆಸಿ. ತಯಾರಿಕೆಯ ದೋಷ ಕಂಡರೆ ಉಳಿದ ಬಟನ್‌ನ ಲೆಕ್ಕದಲ್ಲಿ ಕಂಪನಿ ಹಣ ಕಳೆದುಕೊಡುತ್ತದೆ, ಆ ಬಿಲ್ ಇಲ್ಲದೆ ಏನೂ ಇಲ್ಲ.

ರಬ್ಬರ್ ವಾಲ್ವ್ ಹಳೆಯದನ್ನೇ ಬಿಡಲು ಒಪ್ಪಬೇಡಿ. ಟೈರ್ ಐದು ವರ್ಷ ಬಾಳಿ ವಾಲ್ವ್ ಬುಡದಲ್ಲಿ ಬಿರಿದರೆ ಗಾಳಿ ದಿನದಿನಕ್ಕೂ ಸೋರುತ್ತದೆ. ಗಾಡಿಯಲ್ಲಿ ಗಾಳಿ ಒತ್ತಡದ ಸೆನ್ಸರ್ ಇದ್ದರೆ ಟೈರ್ ಬಿಚ್ಚುವ ಮುಂಚೆಯೇ ಹೇಳಿ, ಬಿಚ್ಚುವ ಸಲಾಕೆ ತಾಗಿದರೆ ಮುರಿಯುತ್ತದೆ. ರಿಮ್ ಅಂಚಿನ ಮಣ್ಣು, ತುಕ್ಕು ಉಜ್ಜಿ ತೆಗೆಸಿ. ಟೈರ್‌ನಲ್ಲಿ ಹಳದಿ ಅಥವಾ ಕೆಂಪು ಚುಕ್ಕಿ ಕಂಡರೆ ಗಾಬರಿ ಬೇಡ, ಹಗುರ ಭಾಗ ಮತ್ತು ಎತ್ತರ ಭಾಗ ಗುರುತಿಸಲು ಕಾರ್ಖಾನೆಯಲ್ಲಿ ಇಟ್ಟದ್ದು.

ಬೋಲ್ಟನ್ನು ಗಾಳಿ ಗನ್‌ನಲ್ಲಿ ಢರ್ರೆಂದು ಬಿಗಿದು ಕಳಿಸುವುದೇ ದೊಡ್ಡ ತಪ್ಪು. ಎಳೆ ಹಿಗ್ಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗುತ್ತದೆ, ದಾರಿಯಲ್ಲಿ ಪಂಕ್ಚರ್ ಆದಾಗ ಮನೆಯವರ ಕೈಯಲ್ಲಿ ಬಿಚ್ಚಲಾಗುವುದಿಲ್ಲ. ಕೈಯಲ್ಲಿ ತಿರುಗಿಸಿ ಕೂರಿಸಿ, ಒಂದು ಬಿಟ್ಟು ಒಂದರಂತೆ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಲು ಹೇಳಿ. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ. ಹೊಸ ಟೈರ್ ಮೈಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಇರುತ್ತದೆ. ಮೊದಲ 200-300 ಕಿ.ಮೀ. ಮಳೆಯಲ್ಲಿ, ತಿರುವಿನಲ್ಲಿ ನಿಧಾನ.

ಹಳೆಯ ಟೈರ್‌ಗಳನ್ನು ಅಂಗಡಿಗೇ ಬಿಟ್ಟು ಅದರ ಬೆಲೆ ಬಿಲ್ಲಿನಲ್ಲಿ ಕಳೆಸಿಕೊಳ್ಳಿ. ಗಿಡ ನೆಡಲೆಂದೋ ಉಯ್ಯಾಲೆಗೆಂದೋ ಮನೆಗೆ ತರುವುದಾದರೆ ತಳಕ್ಕೆ ನಾಲ್ಕು ದೊಡ್ಡ ತೂತು ಕೊರೆಯಿರಿ. ಮಳೆಗಾಲದಲ್ಲಿ ಅಂಗಳದ ಟೈರ್‌ನೊಳಗೆ ನಿಂತ ನೀರು ಡೆಂಗಿ ಸೊಳ್ಳೆಗೆ ಬಹಳ ಇಷ್ಟದ ಜಾಗ.